ಬ್ಯಾಟರಿ ಗಾಡಿಗೆ ಯಾವ ದೇಶ ಏನು ಕೊಡುತ್ತದೆ, ಯಾಕೆ ಕೊಡುತ್ತದೆ

2023ರ ಮೇ ಕೊನೆಯ ವಾರ. ಹುಬ್ಬಳ್ಳಿ ಗೋಕುಲ ರೋಡಿನ ಒಂದು ಬ್ಯಾಟರಿ ಸ್ಕೂಟರ್ ಶೋರೂಮಿನಿಂದ ದಿನಕ್ಕೆ ಎರಡು ಸಲ ಫೋನ್ ಬರುತ್ತಿತ್ತು. "ಸರ, 31ರೊಳಗ ಬಿಲ್ ಮಾಡಿಸ್ಕೋರಿ. ಒಂದನೇ ತಾರೀಖಿನಿಂದ ರೇಟ್ ಏರತೈತಿ." ಮಾರುವವರು ಯಾವಾಗಲೂ ಹೀಗೇ ಅಲ್ವಾ ಅಂತ ಸುಮ್ಮನಿದ್ದೆ. ಆಮೇಲೆ ಪೇಪರಿನಲ್ಲೂ ಅದೇ ಸುದ್ದಿ ಬಂತು. 30ಕ್ಕೆ ಓಡಿಹೋಗಿ ಬಿಲ್ ಮಾಡಿಸಿದೆ. ಜೊತೆಗೆ ಕೆಲಸ ಮಾಡುವ ಗದಗಿನ ಗೆಳೆಯ ಪಗಾರ ಆಗಲಿ ಅಂತ ಒಂದು ವಾರ ಕಾದ. ಅದೇ ಸ್ಕೂಟರ್, ಅದೇ ಬಣ್ಣ. ಅವನಿಗೆ 25 ಸಾವಿರದಷ್ಟು ಜಾಸ್ತಿ ಬಿತ್ತು.

ಆ ಬಿಲ್ಲು ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಮೂರು ಸಾಲು ಸರಿಯಾಗಿ ಓದಿದರೆ ನಮ್ಮ ದೇಶದ ಇವಿ ನೀತಿ, ಅಂದರೆ ಬ್ಯಾಟರಿ ಗಾಡಿಯ ನೀತಿ, ಮುಕ್ಕಾಲು ಭಾಗ ಅರ್ಥವಾಗುತ್ತದೆ. ಒಂದು ಸಾಲಿನಲ್ಲಿ ಜಿಎಸ್‌ಟಿ 5 ಪರ್ಸೆಂಟ್. ಆಗ ಪೆಟ್ರೋಲ್ ಬೈಕಿಗೆ 28 ಇತ್ತು. ಇನ್ನೊಂದರಲ್ಲಿ ಲೈಫ್ ಟ್ಯಾಕ್ಸ್, ಅದರ ಮುಂದೆ ಸೊನ್ನೆ. ಅದು ಕೇಂದ್ರದ್ದಲ್ಲ, ಕರ್ನಾಟಕ ಸರ್ಕಾರ ಬಿಟ್ಟುಕೊಟ್ಟದ್ದು. ಮೂರನೆಯದು ಮೈನಸ್ ಗುರುತಿನ ಸಾಲು: ಕೇಂದ್ರದ ಫೇಮ್ ಯೋಜನೆಯ ಸಬ್ಸಿಡಿ, 45,000.

ಈ 45,000 ಎಲ್ಲಿಂದ ಬಂತು? ಬ್ಯಾಟರಿಯ ಅಳತೆ ಕಿಲೋವ್ಯಾಟ್ ಅವರ್‌ನಲ್ಲಿ ಇರುತ್ತದೆ. ಹೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ನಾವು ಒಂದು ಯೂನಿಟ್ ಅನ್ನುತ್ತೇವಲ್ಲ, ಅದೇ. ನನ್ನದು 3 ಯೂನಿಟ್ ಹಿಡಿಯುವ ಬ್ಯಾಟರಿ. ಯೂನಿಟ್ಟಿಗೆ 15,000ದಂತೆ 45,000, ಆದರೆ ಕಾರ್ಖಾನೆ ಬೆಲೆಯ 40 ಪರ್ಸೆಂಟ್ ದಾಟಬಾರದು ಎಂದು ಒಂದು ಮಿತಿ. ಜೂನ್ 1ರಿಂದ ಅದನ್ನು ಯೂನಿಟ್ಟಿಗೆ 10,000 ಮಾಡಿದರು, ಮಿತಿಯನ್ನು 15 ಪರ್ಸೆಂಟಿಗೆ ಇಳಿಸಿದರು. ಗಾಡಿಯ ಕಾರ್ಖಾನೆ ಬೆಲೆ 1.3 ಲಕ್ಷ ಅಂತ ಹಿಡಿಯಿರಿ. ಅದರ 15 ಪರ್ಸೆಂಟ್ 19,500 ಅಷ್ಟೇ. ಗೆಳೆಯನಿಗೆ ಹೊಡೆತ ಬಿದ್ದದ್ದು ಯೂನಿಟ್ ದರದಿಂದಲ್ಲ, ಈ ಮಿತಿಯಿಂದ. ಇನ್ನೊಂದು ಮಾತು: ಈ ದುಡ್ಡು ನಮ್ಮ ಖಾತೆಗೆ ಬರುವುದಿಲ್ಲ. ಕಂಪನಿ ಮೊದಲು ಬೆಲೆ ಕಡಿಮೆ ಮಾಡಿ ಕೊಡುತ್ತದೆ, ಆಮೇಲೆ ದೆಹಲಿಯಿಂದ ವಸೂಲಿ ಮಾಡಿಕೊಳ್ಳುತ್ತದೆ.

ಇಷ್ಟನ್ನು ನಮ್ಮ ಕಾಕಾನಿಗೆ ಒಂದು ಸಂಜೆ ಗಿರಮಿಟ್ ತಿನ್ನುತ್ತ ಹೇಳುತ್ತಿದ್ದೆ. ಕಾಕಾ ಪೂರ್ತಿ ಕೇಳಲಿಲ್ಲ. "ಅದೆಲ್ಲಾ ಬಿಡೋ ತಮ್ಮಾ. ನಾರ್ವೆದಾಗ ಹತ್ತ ಕಾರ್ ಮಾರಿದ್ರ ಒಂಬತ್ತು ಕರೆಂಟಿನ್ವು ಅಂತ. ನಮ್ಮವ್ರಿಗೇನ್ ಧಾಡಿ ಬಂದೈತಿ?"

ಪ್ರಶ್ನೆ ಒಳ್ಳೆಯದೇ. ಉತ್ತರ ಮಾತ್ರ ಗಿರಮಿಟ್ ಖಾಲಿಯಾಗುವಷ್ಟರಲ್ಲಿ ಮುಗಿಯುವಂಥದ್ದಲ್ಲ.

ನಾರ್ವೆಯ ಜನಸಂಖ್ಯೆ ಸುಮಾರು 55 ಲಕ್ಷ. ಧಾರವಾಡ, ಗದಗ, ಹಾವೇರಿ ಮೂರೂ ಸೇರಿಸಿದರೆ, ಅಂದರೆ 1997ಕ್ಕೆ ಮೊದಲಿನ ಹಳೇ ಧಾರವಾಡ ಜಿಲ್ಲೆ, 2011ರ ಜನಗಣತಿಯಲ್ಲೇ 45 ಲಕ್ಷ ಇತ್ತು. ಹೆಚ್ಚುಕಡಿಮೆ ನಮ್ಮಷ್ಟೇ ಜನ ಅನ್ನಿ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89 ಪೂರ್ತಿ ಬ್ಯಾಟರಿಯವು, ಕಾಕಾ ಹೇಳಿದ್ದು ಸುಳ್ಳಲ್ಲ. ಆದರೆ ನಾರ್ವೆ ಇದನ್ನು ಸಬ್ಸಿಡಿ ಕೊಟ್ಟು ಮಾಡಲಿಲ್ಲ. ಅಲ್ಲಿ ಪೆಟ್ರೋಲ್ ಕಾರು ಕೊಳ್ಳುವವನ ಮೇಲೆ ಮೊದಲಿನಿಂದಲೂ ಭಾರೀ ತೆರಿಗೆ. ಕೊಳ್ಳುವಾಗ ಒಂದು ತೆರಿಗೆ, ಅದರ ಮೇಲೆ 25 ಪರ್ಸೆಂಟ್ ವ್ಯಾಟ್. 1990ರಲ್ಲಿ ಮೊದಲನೆಯದರಿಂದ ಬ್ಯಾಟರಿ ಕಾರಿಗೆ ವಿನಾಯಿತಿ ಸಿಕ್ಕಿತು, 2001ರಲ್ಲಿ ವ್ಯಾಟ್ ಕೂಡ ಹೋಯಿತು. ಅಂದರೆ ಸರ್ಕಾರ ಕೈಯಿಂದ ಏನೂ ಕೊಡಲಿಲ್ಲ, ತಗೊಳ್ಳುವುದನ್ನು ಬಿಟ್ಟಿತು ಅಷ್ಟೇ. ಎಲ್ಲ ಲೆಕ್ಕ ಹಾಕಿದರೆ ಒಂದೇ ಅಳತೆಯ ಪೆಟ್ರೋಲ್ ಕಾರೂ ಬ್ಯಾಟರಿ ಕಾರೂ ಒಂದೇ ಬೆಲೆಗೆ ಬಂದು ನಿಂತವು. ಆಗ ಯಾರು ಪೆಟ್ರೋಲ್ ಬಂಕಿಗೆ ಹೋಗುತ್ತಾರೆ?

ಟೋಲ್ ಮಾಫಾದ ಕಥೆ ಇನ್ನೂ ಮಜಾ ಇದೆ. 1989ರಲ್ಲಿ ಅಲ್ಲಿಯ ಪರಿಸರ ಹೋರಾಟಗಾರ ಫ್ರೆಡೆರಿಕ್ ಹೌಗೆ ಮತ್ತು 'ಅ-ಹಾ' ಎಂಬ ಪಾಪ್ ತಂಡದ ಹಾಡುಗಾರ ಮಾರ್ಟನ್ ಹಾರ್ಕೆಟ್ ಬ್ಯಾಟರಿ ಹಾಕಿಸಿದ ಒಂದು ಸಣ್ಣ ಫಿಯಟ್ ಪಾಂಡಾದಲ್ಲಿ ಟೋಲ್ ಕಟ್ಟದೆ ಓಡಾಡತೊಡಗಿದರು. ಹೊಗೆ ಬಿಡದ ಗಾಡಿಗೆ ಟೋಲ್ ಯಾಕೆ ಅಂತ ಅವರ ವಾದ. ದಂಡ ಬಿತ್ತು, ಕಟ್ಟಲಿಲ್ಲ. ಕಾರು ಜಪ್ತಿ ಮಾಡಿ ಹರಾಜು ಹಾಕಿದರು. ಇವರೇ ಹರಾಜಿನಲ್ಲಿ ಕೊಂಡು ಮತ್ತೆ ಹಾಗೇ ಓಡಿಸಿದರು. ಇದು ಎಷ್ಟೋ ಸಲ ನಡೆಯಿತು. ಕೊನೆಗೆ 1997ರಲ್ಲಿ, ನಮ್ಮ ಜಿಲ್ಲೆ ಮೂರು ತುಂಡಾದ ವರ್ಷವೇ, ಬ್ಯಾಟರಿ ಕಾರಿಗೆ ಟೋಲ್ ಮಾಫಾಯಿತು.

ಆಮೇಲೆ ಬಸ್ ಲೇನು. ಇದು ಹುಬ್ಬಳ್ಳಿ-ಧಾರವಾಡದವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಉಣಕಲ್ಲಿನ ಹತ್ತಿರ ನಾವು ಬದಿಯ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಕುಂಯ್‌ಗುಡುತ್ತ ನಿಂತಿರುತ್ತೇವೆ, ನಡುವೆ ಬಸ್ಸಿಗಷ್ಟೇ ಮೀಸಲಾದ ಖಾಲಿ ಬಿಆರ್‌ಟಿಎಸ್ ಲೇನಿನಲ್ಲಿ ಚಿಗರಿ ಬಸ್ಸು ಸುಂಯ್ ಅಂತ ಹೋಗುತ್ತದೆ. ಬ್ಯಾಟರಿ ಗಾಡಿಯ ಹಸಿರು ನಂಬರ್ ಪ್ಲೇಟ್ ಇದ್ದವರು ಆ ಲೇನಿನಲ್ಲಿ ಹೋಗಬಹುದು ಅಂತ ನಾಳೆ ಆದೇಶ ಬಂದರೆ? ನಾಡಿದ್ದು ಶೋರೂಮಿನ ಮುಂದೆ ಸಾಲು ನಿಲ್ಲುತ್ತದೆ. ನಾರ್ವೆ ಮಾಡಿದ್ದು ಇದನ್ನೇ. ಒಂದು ರೂಪಾಯಿ ಖರ್ಚಿಲ್ಲದ ಸಬ್ಸಿಡಿ. ಬ್ಯಾಟರಿ ಕಾರು ಕಡಿಮೆ ಇದ್ದಷ್ಟು ದಿನ ಚೆನ್ನಾಗೇ ನಡೆಯಿತು. ಜಾಸ್ತಿಯಾದ ಮೇಲೆ ಬಸ್ಸುಗಳೇ ಸಿಕ್ಕಿಹಾಕಿಕೊಂಡವು, ಆಸ್ಲೋ ಸುತ್ತ ಅದಕ್ಕೆ ಮತ್ತೆ ಕಟ್ಟುಪಾಡು ಹಾಕಬೇಕಾಯಿತು.

ಇದನ್ನೆಲ್ಲ ಕೇಳಿ ನಾವೂ ಹಾಗೇ ಮಾಡಬಹುದಲ್ಲ ಅನ್ನಿಸುತ್ತದೆ. ಆದರೆ ನಾರ್ವೆಯ ಮನೆ ಹೇಗಿದೆ ನೋಡಿ. ಕರೆಂಟು ಹೆಚ್ಚುಕಡಿಮೆ ಎಲ್ಲ ನೀರಿನಿಂದಲೇ. ಮನೆಗೆ ಬೇಕಾದಷ್ಟು ಇದೆ. ತನ್ನ ತೈಲವನ್ನು ಬೇರೆಯವರಿಗೆ ಮಾರಿ ಬಂದ ದುಡ್ಡು ಗಂಟು ಕಟ್ಟಿ ಇಟ್ಟಿದ್ದಾರೆ. ತೆರಿಗೆ ಹಾಕಿದರೆ ಮುನಿಸಿಕೊಳ್ಳುವ ದೊಡ್ಡ ಕಾರು ಕಂಪನಿಯೂ ಅಲ್ಲಿಲ್ಲ. ನಮ್ಮಲ್ಲಿ ಪೆಟ್ರೋಲ್ ಬೈಕ್ ಎಂದರೆ ಶ್ರೀಮಂತರ ಶೋಕಿಯಲ್ಲ, ಹಾಲು ಹಾಕುವವರದ್ದು, ಬ್ಯಾಡಗಿ ಮಾರ್ಕೆಟ್ಟಿಗೆ ಹೋಗುವ ಹಮಾಲರದ್ದು. ಅದರ ಮೇಲೆ ನಾರ್ವೆಯಂತೆ ತೆರಿಗೆ ಏರಿಸಿ ಎಂದು ಯಾವ ಸರ್ಕಾರಕ್ಕೆ ಹೇಳುತ್ತೀರಿ? ಆದದ್ದು ಉಲ್ಟಾ. 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಪೆಟ್ರೋಲ್ ಬೈಕಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಇವಿಗೆ 5 ಹಾಗೇ ಉಳಿಯಿತು. ನಡುವಿನ ಅಂತರ 23 ಇದ್ದದ್ದು 13 ಆಯಿತು. ಇವಿ ನೀತಿ ಅಂತ ಯಾರೂ ಇದನ್ನು ಕರೆಯಲಿಲ್ಲ. ಆದರೆ ನನ್ನ ಪ್ರಕಾರ ಆ ವರ್ಷದ ದೊಡ್ಡ ಇವಿ ನೀತಿ ಇದೇ.

ಚೀನಾದ ಲೆಕ್ಕವೇ ಬೇರೆ. ಎಂಜಿನ್ ಮಾಡುವುದರಲ್ಲಿ ಜರ್ಮನಿ, ಜಪಾನನ್ನು ಹಿಡಿಯಲು ಆಗುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಹಾಗಾದರೆ ಎಂಜಿನ್ನೇ ಇಲ್ಲದ ಗಾಡಿ ಮಾಡೋಣ ಅಂದರು. ಜರ್ಮನಿಯಲ್ಲಿ ಔಡಿ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ವಾನ್ ಗಾಂಗ್ 2007ರಲ್ಲಿ ಅಲ್ಲಿಯ ವಿಜ್ಞಾನ ಮಂತ್ರಿಯಾದರು, ಈ ದಾರಿ ಹಿಡಿಸಿದವರಲ್ಲಿ ಅವರ ಹೆಸರು ಮೊದಲು ಬರುತ್ತದೆ. 2009ರಿಂದ ಸಬ್ಸಿಡಿ ಶುರು, 2022ರ ಕೊನೆಗೆ ಬಂದ್. ಆದರೆ ಸಬ್ಸಿಡಿಗಿಂತ ನನಗೆ ಬೆರಗಾದದ್ದು ನಂಬರ್ ಪ್ಲೇಟಿನ ಆಟ. ಶಾಂಘೈನಲ್ಲಿ ಪೆಟ್ರೋಲ್ ಕಾರಿಗೆ ಪ್ಲೇಟ್ ಬೇಕೆಂದರೆ ಹರಾಜಿನಲ್ಲಿ ಕೊಳ್ಳಬೇಕು, ಅದು 90,000 ಯುವಾನ್ ಆಸುಪಾಸು ಹೋಗುತ್ತಿತ್ತು. ನಮ್ಮ ಲೆಕ್ಕದಲ್ಲಿ 10 ಲಕ್ಷದ ಮೇಲೆ. ಕಾರಿಗಲ್ಲ, ಪ್ಲೇಟಿಗೆ! ಬೀಜಿಂಗಿನಲ್ಲಿ 2011ರಿಂದ ಲಾಟರಿ, ವರ್ಷಗಟ್ಟಲೆ ಹೆಸರು ಬರದೆ ಕಾದವರಿದ್ದಾರೆ. ಶಾಂಘೈನಲ್ಲಿ ಬ್ಯಾಟರಿ ಕಾರಿಗೆ ಹಸಿರು ಪ್ಲೇಟ್ ಪುಕ್ಕಟೆ.

ಕಂಪನಿಗಳಿಗೂ ಅಲ್ಲಿ ಒಂದು ಕುಣಿಕೆ ಇದೆ. ಕಾರು ಮಾಡುವ ಪ್ರತಿ ದೊಡ್ಡ ಕಂಪನಿ ವರ್ಷಕ್ಕೆ ಇಷ್ಟು 'ಅಂಕ' ಗಳಿಸಬೇಕು, ಬ್ಯಾಟರಿ ಕಾರು ಮಾಡಿದರೆ ಅಂಕ ಬರುತ್ತದೆ. ಕಡಿಮೆ ಬಿದ್ದರೆ ಜಾಸ್ತಿ ಇದ್ದವರ ಹತ್ತಿರ ಕೊಳ್ಳಬೇಕು. ಮಲಪ್ರಭಾ ಕಾಲುವೆ ನೀರಿಗೆ ಪಾಳಿ ಇರುತ್ತದಲ್ಲ, ತನ್ನ ಪಾಳಿ ಸಾಲದವನು ಪಕ್ಕದ ಹೊಲದವನ ಪಾಳಿಯನ್ನು ದುಡ್ಡು ಕೊಟ್ಟು ತಗೊಂಡ ಹಾಗೆ. ಈ ಉಪಾಯ ಮೂಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ್ದು, 1990ರದು. ಟೆಸ್ಲಾ ಕಂಪನಿ ಕಾರು ಮಾರಿ ಗಳಿಸಿದ್ದರ ಜೊತೆಗೆ ಇಂಥ ಅಂಕ ಮಾರಿಯೇ ಕೋಟಿಗಟ್ಟಲೆ ಡಾಲರ್ ಗಳಿಸಿದೆ.

ಬ್ಯಾಟರಿಯ ವಿಷಯದಲ್ಲಿ ಚೀನಾ ಇನ್ನೂ ಖದೀಮ. ಸಬ್ಸಿಡಿ ಬೇಕಾದರೆ ಸರ್ಕಾರ ಒಪ್ಪಿದ ಪಟ್ಟಿಯ ಕಂಪನಿಯ ಬ್ಯಾಟರಿಯೇ ಹಾಕಬೇಕು ಎಂದು ಕೆಲವು ವರ್ಷ ನಿಯಮ ಇತ್ತು. ಪಟ್ಟಿಯಲ್ಲಿ ಕೊರಿಯಾದ ದೊಡ್ಡ ಕಂಪನಿಗಳು ಇರಲಿಲ್ಲ. 2019ರಲ್ಲಿ ಪಟ್ಟಿ ತೆಗೆದರು. ಅಷ್ಟರಲ್ಲಿ ಅವರ ಕಂಪನಿಗಳು ಬೆಳೆದು ಜಗತ್ತಿಗೇ ಬ್ಯಾಟರಿ ಮಾರುವ ಮಟ್ಟಕ್ಕೆ ಬಂದಿದ್ದವು. 2024ರಲ್ಲಿ ಅಲ್ಲಿಯ ಹೊಸ ಕಾರುಗಳಲ್ಲಿ ಅರ್ಧದಷ್ಟು ಚಾರ್ಜ್ ಮಾಡುವಂಥವೇ. ಒಂದು ಎಚ್ಚರ: ಚೀನಾದ ಅಂಕಿಯಲ್ಲಿ ಪೆಟ್ರೋಲೂ ಇರುವ ಪ್ಲಗ್-ಇನ್ ಹೈಬ್ರಿಡ್ ಕಾರುಗಳೂ ಸೇರಿವೆ. ನಾರ್ವೆಯ 89 ಮತ್ತು ಚೀನಾದ 50 ಒಂದೇ ತಕ್ಕಡಿಯವಲ್ಲ. ವಾಟ್ಸಾಪಿನಲ್ಲಿ ಬರುವ ಪಟ್ಟಿಗಳಲ್ಲಿ ಈ ವ್ಯತ್ಯಾಸ ಯಾರೂ ಹೇಳುವುದಿಲ್ಲ.

ಅಮೆರಿಕದ ನೀತಿಯ ಅರ್ಧ ಭಾಗ ಚೀನಾದ ಮೇಲಿನ ಹೆದರಿಕೆ. 2022ರ ಕಾನೂನಿನಲ್ಲಿ ಹೊಸ ಬ್ಯಾಟರಿ ಕಾರಿಗೆ 7,500 ಡಾಲರ್ ತನಕ ತೆರಿಗೆ ವಿನಾಯಿತಿ ಇತ್ತು. ಆದರೆ ಕಾರು ಉತ್ತರ ಅಮೆರಿಕದಲ್ಲೇ ಜೋಡಣೆಯಾಗಿರಬೇಕು, ಬ್ಯಾಟರಿಯ ಭಾಗ ಮತ್ತು ಖನಿಜ ಎಲ್ಲಿಂದ ಬಂತು ಎಂದು ಲೆಕ್ಕ ಕೊಡಬೇಕು, ಸಾಮಾನ್ಯ ಕಾರಾದರೆ 55,000 ಡಾಲರ್ ದಾಟಿರಬಾರದು, ಕೊಳ್ಳುವವನ ಆದಾಯವೂ ಒಂದು ಮಿತಿಯೊಳಗೆ ಇರಬೇಕು. ಇದರ ಜೊತೆ 2024ರಲ್ಲಿ ಚೀನಾದ ಬ್ಯಾಟರಿ ಕಾರಿಗೆ ನೂರು ಪರ್ಸೆಂಟ್ ಆಮದು ಸುಂಕ. ಆಮೇಲೆ ಸರ್ಕಾರ ಬದಲಾಯಿತು, 2025ರ ಜುಲೈನಲ್ಲಿ ಬಂದ ಕಾನೂನು ಸೆಪ್ಟೆಂಬರ್ 30ಕ್ಕೆ ಆ 7,500 ಡಾಲರನ್ನು ಮುಗಿಸಿತು. ಸೆಪ್ಟೆಂಬರಿನಲ್ಲಿ ಅಲ್ಲಿಯ ಶೋರೂಮುಗಳಲ್ಲೂ ನೂಕುನುಗ್ಗಲು. ಅಲ್ಲಿಯ ಸೇಲ್ಸಿನವರೂ ದಿನಕ್ಕೆ ಎರಡು ಸಲ ಫೋನ್ ಮಾಡಿರುತ್ತಾರೆ ಬಿಡಿ.

ಯುರೋಪಿನವರು ಕೊಳ್ಳುವವನಿಗಿಂತ ಮಾಡುವವನನ್ನು ಹಿಡಿಯುತ್ತಾರೆ. ಒಂದು ಕಂಪನಿ ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಹೊಗೆಯ ಸರಾಸರಿ ತೆಗೆಯುತ್ತಾರೆ, ಕಿಲೋಮೀಟರಿಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಅಂತ. ಮಿತಿ ದಾಟಿದರೆ ಗ್ರಾಮಿಗೆ 95 ಯೂರೋ ದಂಡ, ಅದೂ ಮಾರಿದ ಪ್ರತಿ ಕಾರಿಗೆ. 5 ಗ್ರಾಂ ಜಾಸ್ತಿಯಾಯಿತು, ಮಾರಿದ್ದು 1 ಲಕ್ಷ ಕಾರು ಅನ್ನಿ, 4.75 ಕೋಟಿ ಯೂರೋ ಕೈಬಿಟ್ಟಿತು. ಹೀಗಿರುವಾಗ ಬ್ಯಾಟರಿ ಕಾರು ಮಾರಿ ಸರಾಸರಿ ಇಳಿಸಿಕೊಳ್ಳದೆ ದಾರಿಯಿಲ್ಲ. 2035ಕ್ಕೆ ಹೊಸ ಕಾರು ಹೊಗೆಯನ್ನೇ ಬಿಡಬಾರದು ಎಂದು 2023ರಲ್ಲಿ ಕಾನೂನನ್ನೂ ಮಾಡಿದರು. ಆದರೆ ಅಲ್ಲಿ ಕಾರು ಕಂಪನಿಗಳೂ ಇವೆ, ಕಾರ್ಮಿಕರೂ ಇದ್ದಾರೆ, ಅವರ ಓಟೂ ಇದೆ. 2025ರ ಡಿಸೆಂಬರಿನಲ್ಲಿ ಹೊಗೆಯನ್ನು ನೂರರ ಬದಲು 90 ಪರ್ಸೆಂಟ್ ಇಳಿಸಿದರೆ ಸಾಕು ಎಂದು ಯುರೋಪಿಯನ್ ಕಮಿಷನ್ನೇ ಪ್ರಸ್ತಾಪ ಇಟ್ಟಿತು.

ಜರ್ಮನಿಯದು ಇನ್ನೊಂದು ಕಥೆ. 2023ರ ನವೆಂಬರಿನಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಸರ್ಕಾರದ ಬಜೆಟ್ಟಿನಲ್ಲಿ ಒಂದು ದೊಡ್ಡ ಮೊತ್ತವನ್ನು ಹಾಗೆಲ್ಲ ಬಳಸುವಂತಿಲ್ಲ ಅಂದುಬಿಟ್ಟಿತು. ದುಡ್ಡಿಲ್ಲ. ಡಿಸೆಂಬರ್ 16, ಶನಿವಾರ, ಇವಿ ಸಬ್ಸಿಡಿ ಅರ್ಜಿಗೆ ನಾಳೆಯೇ ಕೊನೆ ಎಂದು ಹೇಳಿದರು. ಭಾನುವಾರ ಮುಗಿಯಿತು. ಕಾರು ಬುಕ್ ಮಾಡಿ ಡೆಲಿವರಿಗೆ ಕಾಯುತ್ತಿದ್ದವರ ಗತಿ ಯೋಚಿಸಿ. 2024ರಲ್ಲಿ ಜರ್ಮನಿಯಲ್ಲಿ ಬ್ಯಾಟರಿ ಕಾರಿನ ಮಾರಾಟ ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. ನನ್ನ ಗೆಳೆಯನ 25 ಸಾವಿರ ನೆನಪಾಯಿತು. ಸಬ್ಸಿಡಿ ಕಡಿಮೆ ಇದ್ದರೂ ಜನ ಹೊಂದಿಕೊಳ್ಳುತ್ತಾರೆ. ನಾಳೆ ಏನಿರುತ್ತದೆ ಎಂದು ಗೊತ್ತಿಲ್ಲದಿದ್ದರೆ ಕೈಕಟ್ಟಿ ಕೂರುತ್ತಾರೆ.

ಈಗ ಬಡ ದೇಶಗಳ ಕಡೆ ಬನ್ನಿ. ಜಗತ್ತಿನಲ್ಲಿ ಮೊದಲ ಸಲ ಪೆಟ್ರೋಲ್-ಡೀಸೆಲ್ ಕಾರಿನ ಆಮದನ್ನೇ ನಿಲ್ಲಿಸಿದ ದೇಶ ಯಾವುದು ಹೇಳಿ? ನಾರ್ವೆ ಅಲ್ಲ, ಇಥಿಯೋಪಿಯಾ. 2024ರ ಜನವರಿಯಲ್ಲಿ. ಅಲ್ಲಿ ಇನ್ನೂ ಅರ್ಧದಷ್ಟು ಜನರಿಗೆ ಕರೆಂಟೇ ಸರಿಯಾಗಿ ಮುಟ್ಟಿಲ್ಲ, ಹಾಗಿದ್ದೂ ಮಾಡಿದರು. ಯಾಕೆಂದರೆ ಎಣ್ಣೆ ಕೊಳ್ಳಲು ಡಾಲರ್ ಇಲ್ಲ. ನೈಲ್ ನದಿಯ ಮೇಲಿನ ಅಣೆಕಟ್ಟಿನ ಕರೆಂಟು ಮಾತ್ರ ಸ್ವಂತದ್ದು. ಪೂರ್ತಿ ತಯಾರಾದ ಬ್ಯಾಟರಿ ಕಾರು ತಂದರೆ 15 ಪರ್ಸೆಂಟ್ ಸುಂಕ, ಬಿಡಿಬಿಡಿಯಾಗಿ ತಂದು ಅಲ್ಲೇ ಜೋಡಿಸಿದರೆ ಸೊನ್ನೆ. ನೇಪಾಳದ್ದೂ ಹತ್ತಿರಹತ್ತಿರ ಇದೇ ಲೆಕ್ಕ. 2015ರಲ್ಲಿ ಗಡಿ ಬಂದ್ ಆಗಿ ಪೆಟ್ರೋಲಿಗೆ ಜನ ಪರದಾಡಿದ್ದರು, ಅದನ್ನು ಅವರು ಮರೆತಿಲ್ಲ. ನದಿಗಳಿವೆ, ಕರೆಂಟಿದೆ. ಪೆಟ್ರೋಲ್ ಕಾರಿಗೆ ವಿಪರೀತ ತೆರಿಗೆ, ಬ್ಯಾಟರಿಗೆ ಕಡಿಮೆ. ಈಗ ಅಲ್ಲಿ ಆಮದಾಗುವ ಕಾರುಗಳಲ್ಲಿ ಹೆಚ್ಚಿನವು ಬ್ಯಾಟರಿಯವೇ. ಕಾಕಾ ನಾರ್ವೆಯ ಬದಲು ನೇಪಾಳ ಅಂದಿದ್ದರೆ ನನಗೆ ಉತ್ತರ ಕೊಡುವುದು ಇನ್ನೂ ಕಷ್ಟವಾಗುತ್ತಿತ್ತು.

ನಮ್ಮದೇನು ಹಾಗಾದರೆ? ಭಾರತದಲ್ಲಿ ಮಾರಾಟವಾಗುವ ನಾಲ್ಕು ಗಾಡಿಗಳಲ್ಲಿ ಮೂರು ಎರಡು ಚಕ್ರದವು. ಹಾಗಾಗಿ 2019ರ ಫೇಮ್ ಎರಡನೇ ಹಂತದಲ್ಲಿ, 10,000 ಕೋಟಿಯ ಯೋಜನೆ ಅದು, ದುಡ್ಡು ಸ್ಕೂಟರ್, ಆಟೋ, ಬಸ್ಸಿಗೆ ಹೋಯಿತು. ಮನೆಯ ಬಳಕೆಗೆ ಕಾರು ಕೊಳ್ಳುವವರಿಗೆ ಅದರಲ್ಲಿ ಏನೂ ಇರಲಿಲ್ಲ. 20 ಲಕ್ಷದ ಕಾರು ಕೊಳ್ಳುವವನಿಗೆ ಸರ್ಕಾರ ದುಡ್ಡು ಕೊಡಬೇಕಾ ಎಂಬ ಪ್ರಶ್ನೆಗೆ ಜರ್ಮನಿ, ಅಮೆರಿಕ ಹೌದು ಅಂದವು, ನಾವು ಇಲ್ಲ ಅಂದೆವು. ಇದರಲ್ಲಿ ನಾನು ನಮ್ಮವರ ಕಡೆ. ನಮ್ಮ ಇನ್ನೊಂದು ಪಟ್ಟು, ಇಲ್ಲೇ ಮಾಡಬೇಕು ಅನ್ನುವುದು. ಹೊರಗಿನ ಬಿಡಿಭಾಗ ಹಾಕಿ ಸಬ್ಸಿಡಿ ಪಡೆದಿದ್ದೀರಿ ಎಂದು ಕೆಲವು ಸ್ಕೂಟರ್ ಕಂಪನಿಗಳಿಂದ ಕೇಂದ್ರ ದುಡ್ಡು ವಾಪಸ್ ಕೇಳಿದ್ದೂ ಆಯಿತು. ಈ ಪಟ್ಟಿನಿಂದ ನಮ್ಮ ಭಾಗಕ್ಕೆ ಸ್ವಲ್ಪ ಲಾಭವೂ ಇದೆ. ಧಾರವಾಡ ದಾಟಿ ಬೆಳಗಾವಿ ರಸ್ತೆಯಲ್ಲಿರುವ ಟಾಟಾ ಬಸ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಬಸ್ಸೂ ತಯಾರಾಗುತ್ತದೆ. 2025ರ ಕರ್ನಾಟಕದ ಹೊಸ ನೀತಿಯಲ್ಲಿ ಇವಿ ಕ್ಲಸ್ಟರಿಗೆ, ಅಂದರೆ ಇವಿ ಕಾರ್ಖಾನೆಗಳು ಒಂದೇ ಕಡೆ ಸೇರುವ ಜಾಗಕ್ಕೆ, ಗೌರಿಬಿದನೂರು, ಹಾರೋಹಳ್ಳಿ ಜೊತೆ ಧಾರವಾಡದ ಹೆಸರೂ ಇದೆ. ಅಂದಹಾಗೆ, ಇವಿಗೆ ಅಂತ ರಾಜ್ಯದ್ದೇ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು, 2017ರಲ್ಲಿ.

ಫೇಮ್ 2024ರ ಮಾರ್ಚಿಗೆ ಮುಗಿಯಿತು. ಆಮೇಲೆ ಬಂದದ್ದು ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ. ಸ್ಕೂಟರಿಗೆ ಮೊದಲ ವರ್ಷ ಯೂನಿಟ್ಟಿಗೆ 5,000, ಹೆಚ್ಚೆಂದರೆ 10,000. ಎರಡನೇ ವರ್ಷ ಅದರ ಅರ್ಧ. 15,000 ಇದ್ದದ್ದು 2,500ಕ್ಕೆ ಬಂತು ನೋಡಿ, ಎರಡೇ ವರ್ಷದಲ್ಲಿ. ಆದರೆ ಈ ಸಲ ಇಳಿಸುವುದನ್ನು ಮೊದಲೇ ಹೇಳಿ ಇಳಿಸಿದರು. ಅಷ್ಟಾದರೂ ಕಲಿತರು.

ಇಲ್ಲಿಯ ತನಕ ಹೇಳಿದ್ದು ಕೊಡುವ ಲೆಕ್ಕ. ಇನ್ನು ಮುಂದಿನದು ವಾಪಸ್ ತಗೊಳ್ಳುವ ಲೆಕ್ಕ, ಅದು ಈಗಾಗಲೇ ಶುರುವಾಗಿದೆ. ಪೆಟ್ರೋಲ್ ಎಂದರೆ ಸರ್ಕಾರಗಳಿಗೆ ಹಾಲು ಕೊಡುವ ಎಮ್ಮೆ. 2024ರ ಜೂನಿನಲ್ಲಿ ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು 25.92ರಿಂದ 29.84 ಪರ್ಸೆಂಟಿಗೆ ಏರಿಸಿತು. ಎಲ್ಲರೂ ಬ್ಯಾಟರಿ ಗಾಡಿಗೆ ಹೋದರೆ ಈ ಎಮ್ಮೆ ಒಣಗುತ್ತದೆ. ರಸ್ತೆಯ ಗುಂಡಿ ಮಾತ್ರ ಗಾಡಿ ಯಾವುದು ಅಂತ ನೋಡುವುದಿಲ್ಲ. 2024ರಲ್ಲೇ ನಮ್ಮ ರಾಜ್ಯ 25 ಲಕ್ಷ ದಾಟಿದ ಇವಿ ಕಾರಿಗೆ 10 ಪರ್ಸೆಂಟ್ ತೆರಿಗೆ ಹಾಕಿತು. ನಾರ್ವೆ 2023ರಿಂದ ವ್ಯಾಟ್ ವಿನಾಯಿತಿಯನ್ನು ಕಾರಿನ ಬೆಲೆಯಲ್ಲಿ 5 ಲಕ್ಷ ಕ್ರೋನೆಯ (ಅಲ್ಲಿಯ ದುಡ್ಡು) ತನಕ ಅಷ್ಟೇ ಎಂದು ಕತ್ತರಿಸಿತು, 2026ರಿಂದ 3 ಲಕ್ಷಕ್ಕೆ. ಬ್ರಿಟನ್ ಇನ್ನೂ ನೇರವಾಗಿ ಹೇಳಿದೆ: 2028ರ ಏಪ್ರಿಲಿನಿಂದ ಬ್ಯಾಟರಿ ಕಾರು ಮೈಲಿಗೆ 3 ಪೆನ್ಸ್ ಕಟ್ಟಬೇಕು.

ನಮ್ಮ ರೂಪಾಯಿಯಲ್ಲಿ ಅದು ಕಿಲೋಮೀಟರಿಗೆ ಎರಡು ರೂಪಾಯಿ ಚಿಲ್ಲರೆ. ಅದು ಕಾರಿನ ದರ, ಸ್ಕೂಟರಿನದ್ದಲ್ಲ. ಆದರೂ ಕಾಕಾನ ಮುಂದೆ ಕೂತು ನನ್ನ ಗಾಡಿಗೆ ಹಾಕಿ ನೋಡಿದೆ. ಹುಬ್ಬಳ್ಳಿ-ಧಾರವಾಡ ಓಡಾಡಿ ನನ್ನ ಮೀಟರು 20,000 ಕಿಲೋಮೀಟರ್ ತೋರಿಸುತ್ತಿದೆ. 43,000 ರೂಪಾಯಿ ಮೇಲೆ ಬಂತು. ಕಾಕಾ ಬಿಲ್ಲಿನ ಆ ಮೈನಸ್ ಸಾಲಿನ ಮೇಲೆ ಬೆರಳಿಟ್ಟು, "ಅಂದ್ರ ನಿಂದು ಇನ್ನ ಎರಡ ಸಾವಿರ ಉಳೀತು ಅನ್ನು," ಅಂದರು.